ಪಿಚ್ಚರ್ ಬಿಟ್ಟ ಮ್ಯಾಲ ಗೇಟಿನ್ಯಾಗ ಕೇಳಿದ್ದು

ಪಿಚ್ಚರ್ ಮಾಡೋರು ಬೆಂಗಳೂರಾಗ ಇರ್ತಾರ, ಹೈದರಾಬಾದಿನ್ಯಾಗ ಇರ್ತಾರ. ಅದರ ಹಣೆಬರಾ ಬರಿಯೋರು ಮಾತ್ರ ನಮ್ಮ ಸೇಡಂ ಟಾಕೀಜಿನ ಗೇಟಿನ್ಯಾಗ ಮಿರ್ಚಿ ಭಜಿ ತಿನ್ನಕೋತ ನಿಂತಿರ್ತಾರ. ನಾ ಆ ಗೇಟಿನ ಮನಶ್ಯಾ. ಇಲ್ಲಿ ನಿಂತು ನಿಂತು ತಲಿ ಬೆಳ್ಳಗಾಯ್ತು, ಇಂಥ ಮಾತು ಕೇಳೋದು ಮಾತ್ರ ಮುಗೀಲಿಲ್ಲ. ಶುಕ್ರವಾರ ಬಂತಂದ್ರ ಒಂದಿಲ್ಲೊಂದು ನಡದೇ ನಡೀತದ.

ನನ್ನ ಕೆಲಸ ಟಿಕೆಟ್ ಹರಿಯೋದು ಅಂತ ಮಂದಿ ತಿಳಕೊಂಡಾರ. ಅದು ಕೈ ಕೆಲಸ. ಖರೆ ಕೆಲಸ ಕಿವಿದು. ನಮ್ಮ ಸಾವಕಾರ್ರು, ಅಂದ್ರ ಟಾಕೀಜಿನ ಮಾಲಕರು, ಪಿಚ್ಚರ್ ನೋಡೋದಿಲ್ಲ. ಕತ್ತಲಾಗ ಕುಂತ್ರ ಅವರಿಗೆ ತಲಿಶೂಲಿ ಏಳ್ತದ. ಹಿಂಗಾಗಿ ಮೊದಲನೇ ಆಟ ಬಿಟ್ಟ ಕೂಡ್ಲೇ ನಾ ಗೇಟಿನ್ಯಾಗ ನಿಂತು "ಪಿಚ್ಚರ್ ಹ್ಯಾಂಗಿತ್ರಿ?" ಅಂತ ಕೇಳಬೇಕು. ಬಂದ ಮಾತು ಒಯ್ದು ಸಾವಕಾರ್ರ ಕಿವಿಗೆ ಹಾಕಬೇಕು. ಪಿಚ್ಚರ್ ಇಟ್ಕೋಬೇಕೋ ಕಳಸಬೇಕೋ, ಅದರ ಮ್ಯಾಲ ಫೈಸಲಾ.

ಇದು ಸಸಾರ ಕೆಲಸ ಅಲ್ರಿ. ನಮ್ಮ ಕಡಿ ಮಂದಿ ಪಿಚ್ಚರ್ ಬಗ್ಗೆ ನೇರ ಮಾತಾಡೋದಿಲ್ಲ. "ನಡೀತದ" ಅಂದ್ರ ನಡ್ಯಾಂಗಿಲ್ಲ ಅಂತ ತಿಳೀಬೇಕು. "ಒಮ್ಮೆ ನೋಡಬಹುದು" ಅಂದ್ರ ಅಂವ ಒಮ್ಮೆ ನೋಡಿ ಪಶ್ಚಾತ್ತಾಪ ಪಡ್ಲಿಕತ್ತಾನ. "ಹಾಡು ಚಲೋ ಅವ" ಅಂದ್ರ ಹಾಡು ಬಂದಾಗೆಲ್ಲಾ ಹೊರಗ ಬಂದು ಬೀಡಿ ಸೇದ್ಯಾನ. ಏನೂ ಮಾತಾಡದೇ ಸೀದಾ ಬಸ್‌ಸ್ಟ್ಯಾಂಡಿನ ಕಡಿ ಓಡಿದ್ರ ಮುಗೀತು, ಆ ಪಿಚ್ಚರ್ ಸೋಮವಾರಕ್ಕ ಡಬ್ಬಾ.

ಹೋದ ವರ್ಷ ಯುಗಾದಿಗೆ ಬೇವು ಬೆಲ್ಲ ಕೊಟ್ಟ ಕೈಲೇ ಸಾವಕಾರ್ರು ಬರೇ ಬೇವಿನಂಥ ಮಾತೊಂದು ಹೇಳಿದ್ರು. "ನೋಡೋ, ಮಂದಿ ಎಲ್ಲಾ ಮೊಬೈಲ್‌ನ್ಯಾಗೇ ಪಿಚ್ಚರ್ ನೋಡ್ಲಿಕತ್ತಾರ. ಇನ್ನೊಂದು ಯುಗಾದಿ ತನಕ ನೋಡ್ತೀನಿ. ಹಿಂಗೇ ಖುರ್ಚಿ ಖಾಲಿ ಬಿದ್ವಂದ್ರ ಇದನ್ನ ಕೆಡವಿ ಫಂಕ್ಷನ್ ಹಾಲ್ ಕಟ್ಟಸ್ತೀನಿ."

ಫಂಕ್ಷನ್ ಹಾಲಿಗೆ ನಾ ಯಾಕ ಬೇಕು? ಮದಿವಿಗೆ ಬಂದೋರ ಟಿಕೆಟ್ ಹರೀತಾರೇನು? ನನಗ ಬರೋ ವಿದ್ಯಾ ಒಂದೇ, ಹೊರಗ ಬರೋರ ಮಾರಿ ನೋಡಿ "ಹ್ಯಾಂಗಿತ್ರಿ?" ಅನ್ನೋದು. ಅದನ್ನ ದವಾಖಾನಿ ಗೇಟಿನ್ಯಾಗ ನಿಂತು ಕೇಳಿದ್ರ ಚಪ್ಪಲಿ ತಗೊಂಡು ಹೊಡೀತಾರ.

ದಂಡೋತಿ ಕಾಕಾನ ಫ್ಲ್ಯಾಶ್‌ಬ್ಯಾಕ್

ಮಳಿಗಾಲದಾಗ ಕಾಗಿಣಾ ಹೊಳಿ ತುಂಬಿ ದಂಡೋತಿ ಬ್ರಿಜ್ ಮ್ಯಾಲ ನೀರು ಬಂತಂದ್ರ ಬಸ್ಸು ಎಲ್ಲೆಲ್ಲೋ ಸುತ್ತಿ ಬರಬೇಕು. ಒಕ್ಕಲುತನ ಮಾಡೋ ಕಾಕಾ ಒಬ್ಬ ಹಿಂಗೇ ದಂಡೋತಿಯಿಂದ ಸುತ್ತಿ ಸುತ್ತಿ ಬಂದು ಇಳಿಯೋದ್ರಾಗ ಇಲ್ಲಿ ಇಂಟರ್ವಲ್ ಮುಗದು ಹೋಗಿತ್ತು. ನಮ್ಮ ಟಾಕೀಜಿನ್ಯಾಗ ಒಂದು ರಿವಾಜದ. ಬಸ್ಸು ತಡಾ ಆಗಿ ಬಂದೋರಿಗೆ ಉಳಿದ ಅರ್ಧ ತೋರ್ಸಿ, ಮುಂದಿನ ಆಟದ ಮೊದಲಿನ ಅರ್ಧಕ್ಕ ಅದೇ ಟಿಕೆಟ್ ಮ್ಯಾಲ ಕುಂದ್ರಸ್ತೀವಿ. ಕಾಕಾಗೂ ಹಾಂಗೇ ಮಾಡಿದ್ವಿ.

ಎರಡನೇ ಆಟದ ಇಂಟರ್ವಲ್‌ಗೆ ಕಾಕಾ ಹೊರಗ ಬಂದ. ಕಣ್ಣಾಗ ನೀರು, ಮಾರಿ ಮ್ಯಾಲ ನಗಿ.

"ಹ್ಯಾಂಗಿತ್ತು ಕಾಕಾ?"

"ಏ, ಡೈರೆಕ್ಟರ್ ಭಾಳ ಶಾಣ್ಯಾ ಇದ್ದಾನಪ್ಪಾ! ಮೊದಲಿಗೇ ಹೀರೋನ್ನ ಕೊಂದೇ ಬಿಟ್ಟ. ನಾ ಅಂದೆ, ಇನ್ನೇನು ಮಣ್ಣು ತೋರಸ್ತಾನ ಇಂವ? ಅಷ್ಟರಾಗ ಲೈಟ್ ಹಚ್ಚಿದ, ಮಂದಿಗೆ ಒಂದು ಸ್ವಲ್ಪ ಅಳಲಿಕ್ಕೆ ಟೈಮ್ ಕೊಟ್ಟ. ಆಮ್ಯಾಲ ಫ್ಲ್ಯಾಶ್‌ಬ್ಯಾಕ್ ನೋಡು! ಅಂವ ಹುಟ್ಟಿದ್ದು, ಸಾಲಿಗೆ ಹೋಗಿದ್ದು, ಆ ಹುಡುಗೀನ ನೋಡಿದ್ದು. ಆಕಿ ಕಿಲಕಿಲಾ ನಗ್ತಾಳಪ್ಪಾ. ನನಗ ಕರುಳೇ ಚುರ್ ಅಂತು. ಪಾಪ, ಮುಂದೇನಾಗ್ತದ ಆಕಿಗೆ ಗೊತ್ತಿಲ್ಲ. ನಮಗ ಗೊತ್ತದ!"

"ಕಾಕಾ, ನೀವು ಹಿಂದಿನದು ಮೊದಲು, ಮೊದಲಿನದು ಹಿಂದ ನೋಡೀರಿ."

"ಹೋಗೋ, ಗೇಟ್ ಕಾಯೋನಿಗೆ ಡೈರೆಕ್ಷನ್ ಏನು ತಿಳೀತದ!"

ಕಾಕಾ ಊರಿಗೆ ಹೋಗಿ ಸುಮ್ಮ ಕುಂದ್ರಲಿಲ್ಲ. ಮರುದಿನ ದಂಡೋತಿಯಿಂದ ಒಂದು ಜೀಪ್ ತುಂಬ ಮಂದಿ ಬಂದ್ರು. ಆಟ ಚಾಲೂ ಆಗಿತ್ತು. "ಒಳಗ ಬರ್ರಿ, ಬರ್ರಿ" ಅಂದೆ. ಯಾರೂ ಕದಲಲಿಲ್ಲ. ಭಜಿ ಗಾಡಿ ಮುಂದ ಆರಾಮ ಕುಂತು, "ಏ ಮಾಮಾ, ಇಂಟರ್ವಲ್ ಆದ ಮ್ಯಾಲ ಒದರು, ಈಗೇ ಹೋದ್ರ ಮಜಾ ಇಲ್ಲಂತ" ಅಂದ್ರು. ನಮ್ಮ ಸೇಡಂ ಮಂದಿ ಅದೇ ಪಿಚ್ಚರ್ ಸೀದಾ ನೋಡಿ "ನಡೀತದ" ಅಂದಿದ್ರು. ಈ ದಂಡೋತಿ ಮಂದಿ ಉಲ್ಟಾ ನೋಡಿ ಮೂಗು ಒರಸಕೋತ ಬಂದಿದ್ದು ಕಂಡು, ಅವರೂ ಮತ್ತೊಂದು ಟಿಕೆಟ್ ತಗೊಂಡು ಇಂಟರ್ವಲ್‌ನಿಂದ ಕುಂತ್ರು.

ಸಾವಕಾರ್ರು ಕೇಳಿದ್ರು, "ಏನೋ, ಪಿಚ್ಚರ್ ಹಿಟ್ ಏನು?"

"ಹಿಟ್ ರೀ ಸಾವಕಾರ್ರ" ಅಂದೆ. "ಖರೆ ಹಿಂದಿಂದ."

ಫರ್ಸಿ ಒಡ್ಯಾಂಗಿಲ್ಲ

ದಸರಾ ಹೊತ್ತಿಗೆ ಶಹಾಬಾದಿನ ನೆಲಾ ಹಾಸೋ ಮಂದಿ ಸೇಡಮ್ಮಿಗೆ ಯಾವುದೋ ಮನಿ ಕೆಲಸಕ್ಕ ಬಂದಿದ್ರು. ಶಹಾಬಾದ ಕಲ್ಲು, ಅದೇ ನಮ್ಮ ಫರ್ಸಿ, ಅವರ ಅನ್ನ. ಸಂಜಿ ಮುಂದ ಮೇಸ್ತ್ರಿ ತನ್ನ ಮಂದೀನೆಲ್ಲಾ ಕರಕೊಂಡು ಪಿಚ್ಚರಿಗೆ ಬಂದ.

ಪಿಚ್ಚರಿನ್ಯಾಗ ಹೀರೋ ಬಡವ. ಅವರವ್ವ ಮಂದಿ ಮನ್ಯಾಗ ಮುಸುರಿ ತಿಕ್ಕಿ ಅವನ್ನ ಸಾಕ್ಯಾಳ. ವಿಲನ್ ದೊಡ್ಡ ವಾಡೇದ ಧಣಿ, ಊರ ಹೊಲಾ ಎಲ್ಲಾ ನುಂಗ್ಯಾನ. ಎಲ್ಲಾ ಊರಾಗ ಹೀರೋಗ ಸೀಟಿ ಹೊಡೀತಾರ. ಈ ಮಂದಿ ಧಣಿ ಬಂದಾಗೆಲ್ಲಾ ಸೀಟಿ ಹೊಡೀಲಿಕತ್ರು! ಅಂವ ಬಾಗಲಾ ತೆಗದು ಅಂಗಳಕ್ಕ ಬಂದ್ರ ಚಪ್ಪಾಳಿ. ಹೀರೋ ಮನಿ ತೋರಿಸಿದ್ರ "ಥೂ, ಥೂ!" ಉಳಿದ ಮಂದಿ ಸಿಟ್ಟಾದ್ರು. ನಾ ಬ್ಯಾಟರಿ ಹಿಡಕೊಂಡು ಒಳಗ ಹೋದೆ.

"ಏನ್ರೀ ಮೇಸ್ತ್ರಿ, ಅಂವ ಅಲ್ಲಿ ಖೂನಿ ಮಾಡ್ಲಿಕತ್ತಾನ, ನೀವು ಚಪ್ಪಾಳಿ ಹೊಡೀಲಿಕತ್ತೀರಿ?"

"ಖೂನಿ ಸುಡ್ಲಿ ಬಿಡ್ರಿ. ಎಲ್ಲಿ ನಿಂತು ಮಾಡ್ಲಿಕತ್ತಾನ ನೋಡ್ರಿ! ಪಾಲಿಶ್ ಮಾಡಿದ ನಮ್ಮ ಫರ್ಸಿ! ಆ ಸಂದು ನೋಡ್ರಿ, ಕೂದಲಾ ತೂರಂಗಿಲ್ಲ. ಇಂಥ ನೆಲಾ ಹಾಕ್ಸಿದ ಮನಶ್ಯಾ ಕೆಟ್ಟಾಂವ ಹ್ಯಾಂಗಾಗ್ತಾನ?"

"ಮತ್ತ ಹೀರೋ ಏನು ಪಾಪ ಮಾಡ್ಯಾನ?"

"ಬಡವ ಅಂತ ಅಳ್ತಾನ, ಗುಡಿಸಲದಾಗ ನೋಡಿದ್ರ ಟೈಲ್ಸ್! ಮುಸುರಿ ತಿಕ್ಕಿ ಟೈಲ್ಸ್ ಹಾಕ್ಸಲಿಕ್ಕೆ ಆಗ್ತದೇನ್ರಿ? ಇಂವ ಏನೋ ಕಳ್ಳ ದಂಧೆ ಮಾಡ್ತಾನ. ಮುಂದ ಗೊತ್ತಾಗ್ತದ, ಕುಂದ್ರಿ."

ಮುಂದ ಏನೂ ಗೊತ್ತಾಗಲಿಲ್ಲ. ಕಡೀಗೆ ಹೀರೋ ಧಣೀನ ಎತ್ತಿ ಅಂಗಳದಾಗ ಒಗದ. ಒಗದ ಹೊಡತಕ್ಕ ನೆಲದ ಕಲ್ಲು ಛಿದ್ರ ಛಿದ್ರ ಆಗಿ ಮ್ಯಾಲ ಹಾರಿದ್ವು. ಅಷ್ಟೇ ನೋಡ್ರಿ, ಇಡೀ ಸಾಲು ಎದ್ದು ನಿಂತು ಹೊರಗ ನಡೀತು. ನಾ ಗೇಟಿಗೆ ಓಡಿ ಬಂದು ಪದ್ಧತಿ ಪ್ರಕಾರ ಕೇಳಿದೆ.

"ಹ್ಯಾಂಗಿತ್ರಿ ಮೇಸ್ತ್ರಿ?"

"ಎಲ್ಲಾ ಖೋಟಾ ಅದರಿ" ಅಂದ ಮೇಸ್ತ್ರಿ, ಸಿಟ್ಟಿಲೆ ಚಪ್ಪಲಿ ಹಾಕ್ಕೋತ. "ಅಷ್ಟು ಮ್ಯಾಲಿಂದ ಒಗದ್ರ ಮನಶ್ಯಾ ಒಡೀತಾನ. ಫರ್ಸಿ ಒಡ್ಯಾಂಗಿಲ್ಲ."

ವಾಡಿ ಚಾಚಾ

ವಾಡಿ ಜಂಕ್ಷನ್ನಿನ್ಯಾಗ ರೈಲ್ವೆ ನೌಕರಿ ಮಾಡಿ ರಿಟೈರ್ ಆದ ಚಾಚಾ ಒಬ್ಬರು ಸೇಡಮ್ಮಿನ ಮಗಳ ಮನಿಗೆ ಬಂದಾಗೆಲ್ಲಾ ಪಿಚ್ಚರಿಗೆ ಬರ್ತಾರ. ಒಂದು ಲವ್ ಪಿಚ್ಚರ್ ಇತ್ತು. ಹೀರೋ ರೈಲಿನ್ಯಾಗ ಹೊಂಟಾನ, ಹೀರೋಯಿನ್ ಪ್ಲಾಟ್‌ಫಾರಂ ಮ್ಯಾಲ ಓಡಿ ಓಡಿ ಕೈ ಚಾಚ್ತಾಳ, ಸಿಗೋದಿಲ್ಲ. ಇಬ್ಬರೂ ಅಗಲ್ತಾರ. ಅಲ್ಲಿಂದ ಇಂಟರ್ವಲ್ ದಾಟಿ ಕಡೀ ತನಕಾ ಬರೇ ಕಣ್ಣೀರು. ಹೆಣ್ಮಕ್ಕಳೆಲ್ಲಾ ಸೆರಗಿಲೆ ಕಣ್ಣು ಒರಸಕೋತ ಹೊರಗ ಬಂದ್ರು. ಹಿಂದ ಚಾಚಾ ತಲಿ ಅಲ್ಲಾಡಸ್ಕೋತ ಬಂದ್ರು.

"ಅರೇ ಭಾಯಿ, ಅಷ್ಟು ದೊಡ್ಡ ಡಬ್ಬಿ, ಅಷ್ಟು ಮಂದಿ ಪ್ಯಾಸೆಂಜರ್! ಒಬ್ಬನಿಗಾದ್ರೂ ಅಕಲ್ ಬ್ಯಾಡೇನು? ಚೈನ್ ಜಗ್ಗಿದ್ರ ಪಿಚ್ಚರ್ ಇಂಟರ್ವಲ್‌ಕಿಂತ ಮೊದಲೇ ಮುಗೀತಿತ್ತು. ನಾನೂ ಊಟಕ್ಕ ಮನಿ ಮುಟ್ತಿದ್ದೆ."

ತೆಲುಗು ಬಾರದ ಅತ್ತಿ

ನಮ್ಮ ಕಡಿ ತೆಲುಗು ಪಿಚ್ಚರ್ ಅಂದ್ರ ಕನ್ನಡದ್ದರಷ್ಟೇ ಬಳಕಿ. ತಿಳದೋರು ನೋಡ್ತಾರ, ತಿಳೀದೋರು ತಿಳದೋರ ಬಾಜೂಕ ಕುಂತು, ಅರ್ಥ ಕೇಳ್ಕೋತ ನೋಡ್ತಾರ.

ನಮ್ಮ ಓಣ್ಯಾಗಿನ ಅತ್ತಿ ಒಬ್ಬಾಕಿ ಭಾಳ ಖಡಕ್. ಸೊಸಿ ಚಿಂಚೋಳಿ ಕಡ್ಯಾಕಿ, ತೆಲುಗು ನೀರು ಕುಡದಾಂಗ ಮಾತಾಡ್ತಾಳ. ಇಬ್ಬರೂ ಒಂದು ತೆಲುಗು ಪಿಚ್ಚರಿಗೆ ಬಂದ್ರು. ಅದು ಬರೇ ಲಾರಿ, ಬಾಂಬು, ಬಡದಾಟದ ಪಿಚ್ಚರ್. ಹೆಂಗಸು ಅಂತ ಇದ್ದಾಕಿ ಒಬ್ಬಾಕಿ ಮುದುಕಿ, ಆಕಿ ವಿಲನ್ನಿಗೆ ಒಂದೆರಡು ಸಲ ಶಾಪ ಹಾಕ್ತಾಳ. ಆಟ ಬಿಟ್ಟಾಗ ಅತ್ತಿ ಕಣ್ಣೊರಸಕೋತ ಬಂದಳು.

"ಹ್ಯಾಂಗಿತ್ತು ಅಕ್ಕಾ?"

"ಭಾಳ ನೀತಿ ಅದನೋ ತಮ್ಮಾ. ಆ ಮುದುಕಿ ಹೇಳ್ತಾಳಲ್ಲ, ಸೊಸೀನ ನಸಕಿನ್ಯಾಗ ಎಬ್ಬಸಬ್ಯಾಡ್ರಿ, ಮನಿ ಹಾಳಾಗ್ತದ ಅಂತ. ಎಂಥಾ ಮಾತು!"

ನಾ ಸೊಸಿ ಕಡಿ ನೋಡಿದೆ. ಆಕಿ ಆಕಾಶದ ಕಡಿ ನೋಡ್ಲಿಕತ್ತಿದ್ಳು.

ವಾರ ಆದ ಮ್ಯಾಲ ಅತ್ತಿ ಮಗ ನನ್ನ ಹುಡಕ್ಕೋತ ಬಂದ. "ಮಾಮಾ, ಅದು ಯಾವ ಪಿಚ್ಚರ್ ತೋರಿಸಿದ್ರಿ? ಅವ್ವ ಖುದ್ದ ಎದ್ದು ಚಾ ಮಾಡಿ ನನ್ನ ಹೇಂತಿಗೆ ಕೊಡ್ಲಿಕತ್ತಾಳ. ನನಗ ಅಂಜಿಕಿ ಆಗ್ಲಿಕತ್ತದ."

ಪಿಚ್ಚರ್ ಇನ್ನಾ ನಡದಿತ್ತು. ಅತ್ತಿಗೆ ಅದು ಎಷ್ಟು ಹಿಡಿಸ್ತಂದ್ರ ಸೇಡಮ್ಮಿನ್ಯಾಗೇ ಇರೋ ತನ್ನ ತಂಗೀನ ಕರಕೊಂಡು ಮತ್ತೊಮ್ಮೆ ಬಂದಳು. ತಂಗೀನ ಕೊಟ್ಟಿದ್ದು ತೆಲುಗು ಮಂದಿ ಮನಿಗೆ, ಆಕಿಗೂ ತೆಲುಗು ಚಲೋ ಬರ್ತದ. ಇವತ್ತು ಸೊಸಿ ಕಥಿ ಮುಗೀತು ಅನಕೊಂಡೆ.

ಆಟ ಬಿಡ್ತು. ಅತ್ತಿ ಸೀದಾ ನನ್ನ ಮುಂದ ಬಂದು ಸೊಂಟದ ಮ್ಯಾಲ ಕೈ ಇಟ್ಟು ನಿಂತಳು.

"ಏನೋ, ಮಂದೀನ ಹುಚ್ಚರ ಮಾಡೀರೇನು? ಅವತ್ತಿಂದು ಚಲೋ ಪಿಚ್ಚರ್ ಇತ್ತು. ಇವತ್ತು ಮುದುಕಿ ಮಾತೆಲ್ಲಾ ಕಟ್ ಮಾಡಿ ಬರೇ ಶಾಪ ಇಟ್ಟೀರಿ!"

ಆಯಿಯ ಅಭಿಪ್ರಾಯ

ಹಿಂಗೇ ವರ್ಷ ಸರೀತು. ಯುಗಾದಿ ಬಾಗಲಿಗೆ ಬಂತು. ಹೊಸ ಹೀರೋನ ಪಿಚ್ಚರ್ ಒಂದು ಬಂತು. "ಇದೇ ಕಡೀದು ನೋಡು" ಅಂದ್ರು ಸಾವಕಾರ್ರು. "ಇದೂ ಬಿತ್ತಂದ್ರ ಸೋಮವಾರ ಕಂತ್ರಾಟದಾರ ಟೇಪ್ ಹಿಡಕೊಂಡು ಬರ್ತಾನ."

ಮ್ಯಾಟಿನಿ ಬಿಟ್ಟಾಗ ನಾ ಗೇಟಿನ್ಯಾಗ ದೇವರಿಗೆ ನಿಂತಾಂಗ ನಿಂತೆ. ಬಾಜೂಕ ಸಾವಕಾರ್ರೂ ನಿಂತ್ರು.

"ಹ್ಯಾಂಗಿತ್ರಿ?"

"ನಡೀತದ."

"ನಿಮಗ್ರಿ?"

"ಒಮ್ಮೆ ನೋಡಬಹುದು."

"ಮತ್ತ ಹಾಡು?" ಅಂದೆ ಬಾಯಿ ತಪ್ಪಿ.

"ಹಾಡು ಚಲೋ ಅವ."

ಒಬ್ಬ ಸೀದಾ ಬಸ್‌ಸ್ಟ್ಯಾಂಡಿನ ಕಡಿ ಓಡಿದ. ಸಾವಕಾರ್ರು ನನ್ನ ಮಾರಿ ನೋಡಿದ್ರು, ಕಿಸೆದಿಂದ ಮೊಬೈಲ್ ತೆಗದ್ರು. ಕಂತ್ರಾಟದಾರಗ ಹಚ್ತಾರ ಅಂತ ನನಗ ಗೊತ್ತಾಯ್ತು.

ಅಷ್ಟರಾಗ ಬಾಲ್ಕನಿ ಮೆಟ್ಟಲಾ ಇಳದು ಸಾವಕಾರ್ರ ಅವ್ವ ಬಂದ್ರು. ಊರೆಲ್ಲಾ ಅವರಿಗೆ ಆಯಿ ಅಂತದ. ಟಾಕೀಜಿನ ಹಿಂದೇ ಅವರ ಮನಿ. ಮಧ್ಯಾಹ್ನ ಕರೆಂಟ್ ಹೋಗಿತ್ತು, ಸೇಡಮ್ಮಿನ ಬಿಸಲು ನಿಮಗ ಗೊತ್ತದ. ಟಾಕೀಜಿನ್ಯಾಗ ಜನರೇಟರ್ ಅದ, ತಂಪಿರ್ತದ ಅಂತ ಸಾವಕಾರ್ರೇ ಅವರನ್ನ ಒಳಗ ಕುಂದ್ರಸಿದ್ರು. ಯಜಮಾನರು ತೀರಿಕೊಂಡಾಗಿಂದ ಆಯಿಗೆ ಕಣ್ಣಿಗೆ ಕಣ್ಣು ಹತ್ತತಿದ್ದಿಲ್ಲ. ಕಲಬುರಗಿ ಡಾಕ್ಟರ್ ಕೊಟ್ಟ ಗುಳಿಗಿಗೂ ನಿದ್ದಿ ಬರ್ತಿದ್ದಿಲ್ಲ.

"ಏನವ್ವಾ, ಪಿಚ್ಚರ್ ಹ್ಯಾಂಗಿತ್ತು?" ಅಂತ ಕೇಳಿದ್ರು ಸಾವಕಾರ್ರು, ಮೊಬೈಲ್ ಒತ್ತಕೋತ.

"ಭಾಳ ಚಲೋ ಪಿಚ್ಚರಪ್ಪಾ!" ಅಂದ್ರು ಆಯಿ. ಗಲ್ಲದ ಮ್ಯಾಲ ಖುರ್ಚಿ ಹೊಲಿಗಿ ಮೂಡಿತ್ತು. "ನಿಮ್ಮಪ್ಪ ಹೋದ ಮ್ಯಾಲ ಇಂಥ ನಿದ್ದಿ ಬಂದಿದ್ದಿಲ್ಲ ನೋಡು. ಖರೆ ಒಂದೇ ಖೋಡಿ. ಯಾವನೋ ಗಡ್ಡದ ಹುಡುಗ ನಡುನಡುವ ಬಂದು ಒದರಿ ಒದರಿ ಎಬ್ಬಸ್ತಾನ. ಅವನಿಗೊಂದಿಷ್ಟು ಬುದ್ಧಿ ಹೇಳು."

ಸಾವಕಾರ್ರು ಮೊಬೈಲ್ ಕಿಸೆದಾಗ ಇಟ್ರು. ಅವರಿಗೆ ನಗಿನೂ ಬಂತು, ಕಣ್ಣಾಗ ನೀರೂ ಬಂದ್ವು. ನನಗೂ ಹಾಂಗೇ ಆಯ್ತು, ಸುಳ್ಳು ಯಾಕ ಹೇಳ್ಲಿ.

ಮರುದಿನ ಆಯಿ ಓಣ್ಯಾಗಿನ ನಿದ್ದಿ ಬಾರದ ಮುದುಕೇರನ್ನೆಲ್ಲಾ ಕರಕೊಂಡು ಬಂದ್ರು. "ಪುಕ್ಕಟ ನಿದ್ದಿ ಮೈಗೆ ಹತ್ತೋದಿಲ್ಲ" ಅಂತ ಎಲ್ಲಾರ ಕೈಲೇ ಟಿಕೆಟ್ ತಗಸಿದ್ರು. ಅವರನ್ನ ಕರಕೊಂಡು ಹೋಗಲಿಕ್ಕೆ ಮಕ್ಕಳು ಸೊಸೇರು ಬಂದು, ಹ್ಯಾಂಗೂ ಬಂದೀವಿ ಅಂತ ಸಂಜಿ ಆಟಕ್ಕ ಕುಂತ್ರು. ಸಂಜಿಗೆ ಬ್ಯಾರೆ ಬ್ಯಾರೆ ಪಿಚ್ಚರ್ ಬಂದ್ವು ಹೋದ್ವು, ಮ್ಯಾಟಿನಿಗೆ ಮಾತ್ರ ಅದೇ.

ಸಾವಕಾರ್ರು ಹೇಳದಿದ್ರೂ ಕಂತ್ರಾಟದಾರ ಒಂದಿನ ಖುದ್ದ ಬಂದ, ಬಾಲ್ಕನಿ ಕೆಳಗ ಟೇಪ್ ಬಿಚ್ಚಿದ. "ಇಲ್ಲಿ ಸ್ಟೇಜ್, ಇಲ್ಲಿ ಡಿಜೆ" ಅನ್ನೋದ್ರಾಗ ಮ್ಯಾಲ ಮಲಗಿದ್ದ ಆಯಿ ಕಣ್ಣು ತೆರದ್ರು.

"ಯಾರಂವ? ನನ್ನ ತಲಿದಿಂಬಿನ ಬಾಜೂಕ ಡಿಜೆ ಹಚ್ಚಾಂವ?"

ಅವನ ಟೇಪ್ ತಾನಾಗೇ ಸುತ್ತಕೊಂಡು ಡಬ್ಬಿ ಸೇರ್ತು. ಅಂವ ಮತ್ತ ಬರಲಿಲ್ಲ. ನನ್ನ ನೌಕರಿ ಉಳೀತು.

ಕಥಿ ಇಲ್ಲಿಗೆ ಮುಗದಿದ್ರ ಚಲೋ ಇತ್ತು. ಆ ಪಿಚ್ಚರ್ ಎಲ್ಲಾ ಊರಾಗಿಂದ ಎತ್ತಿದ್ರಂತ, ನಮ್ಮಲ್ಲಿ ಒಂದೇ ನಡದಿತ್ತು. ಕಂಪನಿ ಸಾಹೇಬ್ರು ಬೆಂಗಳೂರಿಂದ ಫೋನ್ ಮಾಡಿದ್ರು. ಸಾವಕಾರ್ರು ಇದ್ದಿಲ್ಲ, ನಾ ಎತ್ತಿದೆ.

"ನಿಮ್ಮೂರ ಜನ ಹೇಗೆ ನೋಡ್ತಿದ್ದಾರೆ ಸಾರ್ ನಮ್ಮ ಪಿಕ್ಚರ್‌ನ?"

ಸುಳ್ಳು ಹೇಳಲಿಕ್ಕೆ ನನಗ ಬರೋದಿಲ್ಲ. "ಸಾಹೇಬ್ರ, ಒಮ್ಮೆ ಕುಂತ್ರಂದ್ರ ಯಾರೂ ಏಳಂಗೇ ಇಲ್ಲರಿ" ಅಂದೆ.

ಅವರಿಗೆ ಖುಷಿ ತಡೀಲಿಲ್ಲ. ಮುಂದಿನ ವಾರ ಮ್ಯಾಟಿನಿ ಹೊತ್ತಿಗೆ ಹೀರೋನ್ನೇ ಕಳಿಸಿದ್ರು, ಅಭಿಮಾನಿಗಳಿಗೆ ಕೈ ಮುಗೀಲಿಕ್ಕೆ. ಮಾಲಿ, ಶಾಲು, ಮೈಕು, ಫೋಟೋದೋರು. ನಾ ಬಾಗಲದಾಗ ಅಡ್ಡ ನಿಂತು ಹೇಳಿದೆ, "ಸಾಹೇಬ್ರ, ಸಂಜಿ ಆಟಕ್ಕ ಬರ್ರಿ, ಈಗ ಬ್ಯಾಡ್ರಿ." ಗೇಟ್ ಕಾಯೋನ ಮಾತು ಯಾರು ಕೇಳ್ತಾರ? ಹೀರೋ ಒಳಗ ಹೋಗಿ ಪರದೆ ಮುಂದ ನಿಂತ. ಕತ್ತಲಾಗ ಸಾಲ ಸಾಲ ತಲಿ ಬಗ್ಗಿದ್ದು ಕಂಡು, ಮಂದಿ ಅಳ್ಲಿಕತ್ತಾರ ಅಂತ ತಿಳಕೊಂಡು ಅವನ ಕಣ್ಣೂ ಹಸಿ ಆದ್ವು. ಮೈಕ್ ಬಾಯಿಗೆ ಹಿಡದು ಎದಿ ತುಂಬ ಉಸಿರು ತಗೊಂಡು ಒದರಿದ: "ನಮಸ್ಕಾರ ಸೇಡಂ!"

ಮುದುಕೇರೆಲ್ಲಾ ದಡಬಡಿಸಿ ಎದ್ರು. ಒಬ್ಬಾಕಿ "ಯವ್ವಾ!" ಅಂತ ಚೀರಿದ್ಳು. ಬಾಲ್ಕನಿ ಮ್ಯಾಲ ಆಯಿ ಕಣ್ಣು ತಿಕ್ಕೊಂಡು ಒಮ್ಮೆ ಪರದೆ ಮ್ಯಾಲಿನ ಗಡ್ಡ ನೋಡಿದ್ರು, ಒಮ್ಮೆ ಪರದೆ ಮುಂದಿನ ಗಡ್ಡ ನೋಡಿದ್ರು. ಆಮ್ಯಾಲ ಬಾಲ್ಕನಿ ಕಟ್ಟಿ ಮ್ಯಾಲಿಂದ ಬಾಗಿ ಅಂದ್ರು:

"ಯಪ್ಪಾ, ಒಳಗಿದ್ದು ಎಬ್ಬಸ್ತಿದ್ದಿ, ಹುಡುಗ ಅಂತ ಸುಮ್ಮನಿದ್ದೆ. ಈಗ ಹೊರಗ ಬಂದು ಎಬ್ಬಸ್ತಿಯೇನೋ?"